‘ಇನ್ನು ಮನೆಗೆ ಕರ್ಕೊಂಡ್ ಹೋಗಿ’ ಅಂದ ಮೇಲೆ...

ಹಾಸನ: ಬೆಂಗಳೂರಿನ ದೊಡ್ಡಾಸ್ಪತ್ರೆಗಳಿಗೆ ಹೋಗಿ ಬರುವವರನ್ನು ಗುರುತು ಹಿಡಿಯುವುದು ಬಸ್ ಕಂಡಕ್ಟರುಗಳಿಗೆ ಕಷ್ಟವೇನಲ್ಲ. ಕೈಯಲ್ಲಿ ಪ್ಲಾಸ್ಟಿಕ್ ಕವರು, ಕವರಿನಲ್ಲಿ ಸ್ಕ್ಯಾನಿಂಗ್ ಫಿಲಮ್ಮು, ಕುತ್ತಿಗೆಗೆ ಟವೆಲು ಸುತ್ತಿಕೊಂಡ ಅಪ್ಪ, ಪಕ್ಕದಲ್ಲಿ ನಿದ್ದೆಗೆಟ್ಟ ಮಗ. ಅರಸೀಕೆರೆಯವರಿರಲಿ, ಅರಕಲಗೂಡಿನವರಿರಲಿ, ಚನ್ನರಾಯಪಟ್ಟಣದವರಿರಲಿ, ಚಿತ್ರ ಇದೇ. ಆರು ತಿಂಗಳೋ ವರ್ಷವೋ ಹೀಗೆ ಓಡಾಡುತ್ತಾರೆ. ಸೈಟು ಮಾರುತ್ತಾರೆ, ಒಡವೆ ಅಡ ಇಡುತ್ತಾರೆ, ಅಂಗಡಿಯನ್ನು ಹುಡುಗರ ಕೈಗೆ ಬಿಟ್ಟು ಹೋಗುತ್ತಾರೆ. ಆಮೇಲೆ ಒಂದು ದಿನ ಡಾಕ್ಟರು ಫೈಲು ಮುಚ್ಚಿ ಹೇಳುತ್ತಾರೆ: “ಇನ್ನೇನೂ ಮಾಡೋ ಹಾಗಿಲ್ಲ. ಮನೆಗೆ ಕರ್ಕೊಂಡ್ ಹೋಗಿ, ಚೆನ್ನಾಗಿ ನೋಡ್ಕೊಳ್ಳಿ.”

ಈ ಮಾತಿನಲ್ಲಿ ಮೊದಲನೆಯದು ನಿಜವಲ್ಲ, ಎರಡನೆಯದು ಅರ್ಧಂಬರ್ಧ. ರೋಗ ವಾಸಿ ಮಾಡಲು ಆಗದೇ ಇರಬಹುದು. ಆದರೆ ನೋವು ತಗ್ಗಿಸಲು ಆಗುತ್ತದೆ. ಉಸಿರಾಟದ ಒದ್ದಾಟ, ವಾಂತಿ, ವಾಸನೆ ಬರುವ ಗಾಯ, ರಾತ್ರಿಯ ಭಯ ಇವೆಲ್ಲಕ್ಕೂ ಮಾಡುವಂಥದ್ದು ಬೇಕಾದಷ್ಟಿದೆ. ‘ಚೆನ್ನಾಗಿ ನೋಡ್ಕೊಳ್ಳಿ’ ಅಂದರೆ ಹೇಗೆ ನೋಡಿಕೊಳ್ಳಬೇಕು ಅಂತ ಹೇಳುವವರು ಮಾತ್ರ ಸಿಗುವುದಿಲ್ಲ. ಮನೆಯವರು ಅಪ್ಪನನ್ನು ಕರೆತಂದು ನಡುಮನೆಯಲ್ಲಿ ಮಲಗಿಸುತ್ತಾರೆ. ಎರಡನೇ ರಾತ್ರಿಗೆ ಶುರುವಾಗುತ್ತದೆ ನರಳಾಟ.

ಹೀಗೆ ನೋಡಿಕೊಳ್ಳುವ ಕೆಲಸವನ್ನೇ ಒಂದು ವಿದ್ಯೆಯಾಗಿ ಮಾಡಿಕೊಂಡವರಿದ್ದಾರೆ. ಅದಕ್ಕೆ ಇಂಗ್ಲಿಷಿನಲ್ಲಿ ಪ್ಯಾಲಿಯೇಟಿವ್ ಕೇರ್ ಅನ್ನುತ್ತಾರೆ, ಸರ್ಕಾರಿ ಕಾಗದದಲ್ಲಿ ಉಪಶಾಮಕ ಆರೈಕೆ. ಅಂಥ ರೋಗಿಗಳಿಗಾಗಿಯೇ ಕಟ್ಟಿದ ಮನೆಗೆ ಹಾಸ್ಪೈಸ್ ಅಂತ ಹೆಸರು. 1967ರಲ್ಲಿ ಲಂಡನ್ನಿನಲ್ಲಿ ಸಿಸಿಲಿ ಸಾಂಡರ್ಸ್ ಎಂಬ ಹೆಂಗಸು ಸೇಂಟ್ ಕ್ರಿಸ್ಟೋಫರ್ಸ್ ಎಂಬ ಮನೆ ತೆರೆದರು. ಮೊದಲು ನರ್ಸು, ಆಮೇಲೆ ಹಟ ಹಿಡಿದು ಓದಿ ಡಾಕ್ಟರಾದವರು. ಅಲ್ಲಿಂದ ಈ ವಿದ್ಯೆ ಹಬ್ಬಿತು. ನಮ್ಮ ದೇಶದಲ್ಲಿ ಮೊದಲ ಹಾಸ್ಪೈಸ್ 1986ರಲ್ಲಿ ಮುಂಬಯಿಯಲ್ಲಿ ಬಂತು, ಶಾಂತಿ ಅವೇದನಾ ಅಂತ.

ಬೆಂಗಳೂರಿನಲ್ಲಿರುವುದು ಕರುಣಾಶ್ರಯ. ಮಾರತಹಳ್ಳಿ ಆಚೆ, ವರ್ತೂರು ರಸ್ತೆಯಲ್ಲಿ. ಬೆಂಗಳೂರು ಹಾಸ್ಪೈಸ್ ಟ್ರಸ್ಟಿನವರು 1990ರ ದಶಕದ ನಡುವಿನಲ್ಲಿ ಮನೆಮನೆಗೆ ನರ್ಸುಗಳನ್ನು ಕಳಿಸುವ ಕೆಲಸದಿಂದ ಆರಂಭಿಸಿ, 1999ರಲ್ಲಿ ಕಟ್ಟಡ ತೆರೆದರು. ವಾಸಿಯಾಗದ ಹಂತ ಮುಟ್ಟಿದ ಕ್ಯಾನ್ಸರ್ ರೋಗಿಗಳಿಗೆ ಅಲ್ಲಿ ಆರೈಕೆ ಉಚಿತ. ಬಿಲ್ ಕೌಂಟರು ಹುಡುಕಿಕೊಂಡು ಹೋಗುವವರಿಗೆ ಅದೇ ಮೊದಲ ಆಶ್ಚರ್ಯ. ಕಟ್ಟಡದ ನಡುವೆ ನೀರಿನ ಕೊಳವಿದೆ, ವಾರ್ಡುಗಳು ಅದರ ಸುತ್ತ. ಆಸ್ಪತ್ರೆಯ ಫಿನಾಯಿಲು ವಾಸನೆ, ಟೋಕನ್ನು, ಕೂಗಾಟ ಯಾವುದೂ ಮನಸ್ಸಿಗೆ ಬರದ ಹಾಗೆ ಕಟ್ಟಿದ್ದಾರೆ.

ಅಲ್ಲಿಗೆ ಹೋದವರೆಲ್ಲ ಅಲ್ಲೇ ಸಾಯುತ್ತಾರೆ ಅನ್ನೋದು ತಪ್ಪು ತಿಳುವಳಿಕೆ. ನೋವು ಹತೋಟಿಗೆ ಬಂದ ಮೇಲೆ ಮನೆಗೆ ಮರಳಿ, ಮೊಮ್ಮಗಳ ನಾಮಕರಣ ನೋಡಿ ಹೋಗುವವರೂ ಇರುತ್ತಾರೆ. ಆದರೆ ‘ಅಪ್ಪನ್ನ ಅಂಥಾ ಕಡೆ ಸೇರಿಸಿದರೆ ನೆಂಟರು ಏನಂತಾರೋ’ ಅನ್ನೋ ಭಯಕ್ಕೆ ಮದ್ದಿಲ್ಲ. ಆ ನೆಂಟರು ರಾತ್ರಿ ಮೂರು ಗಂಟೆಗೆ ಬಂದು ಮಗ್ಗುಲು ತಿರುಗಿಸುವುದಿಲ್ಲವಲ್ಲ!

ಅಫೀಮಿನ ಮಾತ್ರೆ, ಕಾನೂನಿನ ಬೀಗ

ಕ್ಯಾನ್ಸರ್ ನೋವಿಗೆ ವಿಶ್ವ ಆರೋಗ್ಯ ಸಂಸ್ಥೆ 1986ರಲ್ಲೇ ಮೂರು ಮೆಟ್ಟಿಲಿನ ದಾರಿ ಹೇಳಿಕೊಟ್ಟಿತು. ಮೊದಲು ಪ್ಯಾರಾಸಿಟಮಾಲ್ ಥರದ್ದು, ಅದರಲ್ಲಿ ಆಗದಿದ್ದರೆ ಕೊಡೀನ್ ಜಾತಿಯದ್ದು, ಅದೂ ಸಾಲದಿದ್ದರೆ ಮಾರ್ಫೀನ್. ಮಾರ್ಫೀನ್ ಅಫೀಮಿನಿಂದ ಬರುವ ಮದ್ದು. ಅಫೀಮಿನ ಗಿಡ ನಮ್ಮ ದೇಶದಲ್ಲೇ, ಮಧ್ಯಪ್ರದೇಶ, ರಾಜಸ್ಥಾನ, ಉತ್ತರ ಪ್ರದೇಶದ ಹೊಲಗಳಲ್ಲಿ ಸರ್ಕಾರದ ಲೈಸೆನ್ಸಿನಲ್ಲಿ ಬೆಳೆಯುತ್ತದೆ. ಪರದೇಶಕ್ಕೂ ಹೋಗುತ್ತದೆ. ನಮ್ಮೂರ ರೋಗಿಯ ಬಾಯಿಗೆ ಮಾತ್ರ ಬರುವುದಿಲ್ಲ. ಇದೊಳ್ಳೆ ರಾಗಿ ಬೆಳೆದವನೇ ಉಪವಾಸ ಮಲಗಿದ ಹಾಗಾಯಿತು.

ಕಾರಣ 1985ರ ಮಾದಕ ವಸ್ತು ಕಾಯಿದೆ. ಕಳ್ಳ ಸಾಗಣೆದಾರರನ್ನು ಹಿಡಿಯಲು ಮಾಡಿದ ಕಾನೂನು. ಮಾರ್ಫೀನ್ ಇಟ್ಟುಕೊಳ್ಳಬೇಕಾದರೆ ಆಸ್ಪತ್ರೆಗಳು ಬೇರೆ ಬೇರೆ ಇಲಾಖೆಯಿಂದ ಹಲವು ಲೈಸೆನ್ಸು ತರಬೇಕಾಯಿತು, ಲೆಕ್ಕದಲ್ಲಿ ತಪ್ಪಾದರೆ ಜೈಲಿನ ಭಯ. ‘ಈ ಉಸಾಬರಿಯೇ ಬೇಡ’ ಅಂತ ಬಹಳ ಆಸ್ಪತ್ರೆಗಳು ಕೈಬಿಟ್ಟವು. ಒಂದು ತಲೆಮಾರಿನ ಡಾಕ್ಟರುಗಳು ಮಾರ್ಫೀನ್ ಬರೆಯೋದನ್ನು ಕಲಿಯದೆಯೇ ಡಾಕ್ಟರಾದರು. 2014ರಲ್ಲಿ ಪಾರ್ಲಿಮೆಂಟು ಕಾನೂನು ತಿದ್ದಿತು. ಈಗ ರಾಜ್ಯದ ಔಷಧ ನಿಯಂತ್ರಕರು ಮಾನ್ಯತೆ ಕೊಟ್ಟ ಆಸ್ಪತ್ರೆ ಇಟ್ಟುಕೊಳ್ಳಬಹುದು, ಒಂದೇ ಒಪ್ಪಿಗೆ ಸಾಕು. ಬೀಗ ತೆಗೆದಾಗಿದೆ. ಬಾಗಿಲು ತಳ್ಳಬೇಕಾದವರು ತಳ್ಳಬೇಕಷ್ಟೆ.

ಮನೆಯವರ ಭಯ ಬೇರೆ ಥರದ್ದು. ‘ಚಟ ಹತ್ತುತ್ತೆ’, ‘ಇದು ಕೊಟ್ಟರೆ ಬೇಗ ಹೋಗಿಬಿಡ್ತಾರೆ’ ಅಂತ. ನೋವಿಗೆ ತಕ್ಕ ಪ್ರಮಾಣದಲ್ಲಿ, ಗೊತ್ತಿರುವ ಡಾಕ್ಟರ ಲೆಕ್ಕದಲ್ಲಿ ಕೊಟ್ಟ ಮಾರ್ಫೀನ್ ಪ್ರಾಣ ತೆಗೆಯುವುದಿಲ್ಲ. ಚಟವಾಗುವುದೂ ಅಪರೂಪ. ಸಾಮಾನ್ಯ ಮಾತ್ರೆಯನ್ನು ನಾಲ್ಕು ಗಂಟೆಗೊಮ್ಮೆ ಗಡಿಯಾರ ನೋಡಿ ಕೊಡಬೇಕು. ‘ನೋವು ಬಂದ ಮೇಲೆ ಕೊಡೋಣ’ ಅಂತ ಕಾಯಬಾರದು, ಬಂದ ನೋವನ್ನು ಓಡಿಸೋದು ಕಷ್ಟ, ಬರದ ಹಾಗೆ ತಡೆಯೋದು ಸುಲಭ. ಇದರಿಂದ ಮಲಬದ್ಧತೆ ಖಂಡಿತ ಆಗುತ್ತದೆ, ಆದ್ದರಿಂದ ಮೊದಲ ದಿನದಿಂದಲೇ ಭೇದಿ ಮದ್ದು ಜೊತೆಗಿರಬೇಕು. ಡಾಕ್ಟರು ಬರೆದಿಲ್ಲವಾದರೆ ಕೇಳಿ ಬರೆಸಿಕೊಳ್ಳಿ. ನಾಚಿಕೆ ಬೇಡ.

ಘಟ್ಟದ ಕೆಳಗಿನ ಪಾಠ

ಸಕಲೇಶಪುರದ ಘಟ್ಟ ಇಳಿದು ಮಂಗಳೂರು ದಾಟಿದರೆ ಕೇರಳ. ಅಲ್ಲಿ 1993ರಲ್ಲಿ ಕಲ್ಲಿಕೋಟೆ ಮೆಡಿಕಲ್ ಕಾಲೇಜಿನ ಡಾ. ಎಂ.ಆರ್. ರಾಜಗೋಪಾಲ್ ಮತ್ತು ಗೆಳೆಯರು ನೋವು ನಿವಾರಣೆಯ ಸಂಘ ಕಟ್ಟಿದರು. ಆಮೇಲೆ ಅದು ಡಾಕ್ಟರುಗಳ ಕೈಯಿಂದ ಊರಿನವರ ಕೈಗೆ ಬಂತು. ಮೇಷ್ಟ್ರು, ಆಟೋದವರು, ಕಾಲೇಜು ಹುಡುಗರು, ಅಂಗಡಿಯವರು ತರಬೇತಿ ಪಡೆದು, ಹಾಸಿಗೆ ಹಿಡಿದವರ ಮನೆಗೆ ಹೋಗತೊಡಗಿದರು. 2008ರಲ್ಲಿ ಕೇರಳ ಸರ್ಕಾರ ಇದಕ್ಕೆ ಒಂದು ನೀತಿಯನ್ನೇ ಮಾಡಿ ಪಂಚಾಯಿತಿಗಳಿಗೆ ಹೊಣೆ ಹೊರಿಸಿತು. ಬ್ಯಾಗು ಹಿಡಿದ ನರ್ಸು ಮನೆ ಬಾಗಿಲಿಗೆ ಬರುವುದು ಅಲ್ಲಿ ಪೋಸ್ಟ್‌ಮ್ಯಾನ್ ಬಂದಷ್ಟೇ ಮಾಮೂಲು.

ಕರ್ನಾಟಕ ಸರ್ಕಾರವೂ 2016ರಲ್ಲಿ ಉಪಶಾಮಕ ಆರೈಕೆಯ ನೀತಿ ಮಾಡಿತು. ಕೇಂದ್ರದ ರಾಷ್ಟ್ರೀಯ ಕಾರ್ಯಕ್ರಮ 2012ರಷ್ಟು ಹಳೆಯದು. ಹಳ್ಳಿಯ ಆಯುಷ್ಮಾನ್ ಆರೋಗ್ಯ ಮಂದಿರದಲ್ಲಿ ಕೊಡಬೇಕಾದ ಹನ್ನೆರಡು ಸೇವೆಗಳ ಪಟ್ಟಿಯಲ್ಲಿ ಮುದುಕರ ಹಾಗೂ ಹಾಸಿಗೆ ಹಿಡಿದವರ ಆರೈಕೆಯೂ ಇದೆ. ಅಂದರೆ ಕೇಳುವ ಹಕ್ಕು ನಮಗಿದೆ. ಯಾರೂ ಕೇಳದಿದ್ದರೆ ಇಂಥ ಪಟ್ಟಿಗಳು ಗೋಡೆಯ ಮೇಲಿನ ಬೋರ್ಡಾಗಿಯೇ ಉಳಿಯುತ್ತವೆ, ಅದು ಎಲ್ಲ ಸರ್ಕಾರಗಳ ಕಾಲಕ್ಕೂ ಒಂದೇ.

ಎಲ್ಲಿ ಕೇಳಬೇಕು? ಬೆಂಗಳೂರಿನಲ್ಲಿ ಚಿಕಿತ್ಸೆ ನಡೆಯುತ್ತಿರುವಾಗಲೇ, ಅದೇ ಆಸ್ಪತ್ರೆಯಲ್ಲಿ. ಕಿದ್ವಾಯಿಯಲ್ಲಿ ನೋವು ನಿವಾರಣೆ ಮತ್ತು ಉಪಶಾಮಕ ಆರೈಕೆಗೆ ಬೇರೆ ವಿಭಾಗವೇ ಇದೆ, ಸೇಂಟ್ ಜಾನ್ಸ್‌ನಲ್ಲೂ ಇದೆ. ‘ಮನೆಗೆ ಹೋಗಿ’ ಅನ್ನುವ ದಿನದವರೆಗೆ ಕಾಯುವುದೇ ಹೆಚ್ಚಿನವರು ಮಾಡುವ ತಪ್ಪು. ರೇಡಿಯೇಷನ್, ಕಿಮೋ ನಡೆಯುವಾಗಲೂ ಈ ಆರೈಕೆ ಜೊತೆಜೊತೆಗೇ ಸಿಗಬಹುದು. ಕ್ಯಾನ್ಸರಿಗೆ ಮಾತ್ರವೂ ಅಲ್ಲ. ಕಿಡ್ನಿ ಕೈಕೊಟ್ಟವರು, ಲಕ್ವ ಹೊಡೆದು ಮಲಗಿದವರು, ಹೃದಯ ಸೋತವರು, ಮರೆವಿನ ಕಾಯಿಲೆಯ ಮುದುಕರು, ಎಲ್ಲರಿಗೂ ಇದು ಬೇಕು. ಊರಿಗೆ ಬಂದ ಮೇಲೆ ಡಿಸ್ಚಾರ್ಜ್ ಚೀಟಿಯ ಜೆರಾಕ್ಸು ಹಿಡಿದು ಜಿಲ್ಲಾ ಆಸ್ಪತ್ರೆಯ ಎನ್.ಸಿ.ಡಿ. ಕ್ಲಿನಿಕ್ಕಿನಲ್ಲಿ ವಿಚಾರಿಸಬೇಕು. ಹಳ್ಳಿಯಲ್ಲಾದರೆ ಆಶಾ ಕಾರ್ಯಕರ್ತೆಗೆ ಒಂದು ಮಾತು. ಅವರಿಗೆ ಗೊತ್ತಿಲ್ಲದಿದ್ದರೆ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರು.

ನಡುಮನೆಯ ಆಸ್ಪತ್ರೆ

ಮಿಕ್ಕದ್ದು ಮನೆಯವರ ಕೈಯಲ್ಲಿದೆ, ಮತ್ತು ಅದು ಹೇಳಿಕೊಟ್ಟರೆ ಬರುವಂಥ ಕೆಲಸ.

ಮಲಗಿದವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಾಯಿಸಬೇಕು. ಸೊಂಟ, ಹಿಮ್ಮಡಿ, ಭುಜದ ಮೂಳೆ ಒತ್ತುವ ಜಾಗ ಕೆಂಪಾಯಿತೆಂದರೆ ಹಾಸಿಗೆ ಹುಣ್ಣಿನ ಶುರು. ಗಾಳಿ ಹಾಸಿಗೆ ಮೆಡಿಕಲ್ ಅಂಗಡಿಗಳಲ್ಲಿ ಸಿಗುತ್ತದೆ, ಕೆಲವು ಕಡೆ ಬಾಡಿಗೆಗೂ. ಹಾಸಿಗೆ ಬಂತು ಅಂತ ಮಗ್ಗುಲು ತಿರುಗಿಸೋದನ್ನು ಬಿಡುವ ಹಾಗಿಲ್ಲ. ಬಾಯಿ ಒಣಗುತ್ತದೆ, ಒದ್ದೆ ಹತ್ತಿಬಟ್ಟೆಯಿಂದ ತುಟಿ, ನಾಲಗೆ ಒರೆಸುತ್ತಿರಬೇಕು. ಬಾಯಿ, ಕುತ್ತಿಗೆಯ ಕ್ಯಾನ್ಸರಿನ ಗಾಯ ವಾಸನೆ ಹೊಡೆಯುತ್ತದೆ. ಎಲೆ ಅಡಿಕೆ, ಹೊಗೆಸೊಪ್ಪು, ಗುಟ್ಕಾ ಜಗಿದ ನಮ್ಮ ಸೀಮೆಗೆ ಈ ಕಾಯಿಲೆ ಹೊಸದಲ್ಲ. ರೋಗಿಗೆ ಗಾಯಕ್ಕಿಂತ ಈ ವಾಸನೆಯೇ ದೊಡ್ಡ ಶಿಕ್ಷೆ. ಮೊಮ್ಮಕ್ಕಳು ಹತ್ತಿರ ಬರೋದಿಲ್ಲ, ಸೊಸೆ ಸೆರಗು ಮುಚ್ಚಿಕೊಂಡು ಊಟ ಇಟ್ಟು ಹೋಗುತ್ತಾಳೆ. ಭೇದಿಗೆ ಕೊಡುವ ಮೆಟ್ರೊನಿಡಜೋಲ್ ಎಂಬ ಅಗ್ಗದ ಮಾತ್ರೆ ಪುಡಿ ಮಾಡಿ ಗಾಯದ ಮೇಲೆ ಉದುರಿಸಿದರೆ ಈ ವಾಸನೆ ಬಹಳ ಮಟ್ಟಿಗೆ ಹೋಗುತ್ತದೆ. ಡಾಕ್ಟರೋ ನರ್ಸೋ ಒಮ್ಮೆ ತೋರಿಸಿಕೊಟ್ಟರೆ ಮನೆಯವರೇ ಮಾಡಬಹುದು. ಕೆಲವು ರೂಪಾಯಿನ ಮಾತ್ರೆ ಒಬ್ಬ ಮನುಷ್ಯನನ್ನು ಮತ್ತೆ ಮನೆಯೊಳಕ್ಕೆ ಸೇರಿಸುತ್ತದೆ. ಇಂಥದ್ದನ್ನು ಡಿಸ್ಚಾರ್ಜ್ ಚೀಟಿಯಲ್ಲಿ ಬರೆಯೋಕೆ ಎಷ್ಟು ಶಾಯಿ ಬೇಕು?

ಉಸಿರು ಕಟ್ಟಿದ ಹಾಗಾದಾಗ ತಲೆಭಾಗ ಎತ್ತರಿಸಿ, ಕಿಟಕಿ ತೆಗೆದು, ಸಣ್ಣ ಫ್ಯಾನಿನ ಗಾಳಿ ನೇರ ಮುಖಕ್ಕೆ ಬೀಳುವಂತೆ ಇಡಬೇಕು, ಆರಾಮ ಸಿಗುತ್ತದೆ. ಸುತ್ತ ಹತ್ತು ಜನ ನಿಂತು ಗಾಳಿ ಅಡ್ಡಗಟ್ಟುವುದನ್ನು ಮೊದಲು ನಿಲ್ಲಿಸಬೇಕು.

ಇನ್ನು ಊಟ. ‘ತಿನ್ನದೆ ಸಾಯ್ತಾರೆ’ ಅಂತ ಹೆಂಗಸರು ಬಾಯಿಗೆ ಗಂಜಿ ತುರುಕುತ್ತಾರೆ. ಕೊನೆಯ ದಿನಗಳಲ್ಲಿ ದೇಹಕ್ಕೇ ಹಸಿವು ಬೇಡವಾಗುತ್ತದೆ. ತಿನ್ನದ್ದರಿಂದ ಸಾಯುವುದಲ್ಲ, ಸಾವು ಹತ್ತಿರ ಬಂದದ್ದರಿಂದ ತಿನ್ನುವುದಿಲ್ಲ. ಬಲವಂತ ಮಾಡಿದರೆ ಶ್ವಾಸಕ್ಕೆ ಹೋಗುವ ಅಪಾಯ. ಕೇಳಿದಾಗ ಒಂದು ಚಮಚ ಕಾಫಿಯೋ ಎಳನೀರೋ, ಅಷ್ಟೇ ಸಾಕು. ಗಂಟಲಲ್ಲಿ ಗೊರಗೊರ ಶಬ್ದ ಬಂದಾಗ ಮನೆಯವರು ಗಾಬರಿಯಾಗಿ ಆಂಬುಲೆನ್ಸ್ ಕರೆಸುತ್ತಾರೆ. ನೋಡುವವರಿಗೆ ಹಿಂಸೆ, ಆ ಹೊತ್ತಿಗೆ ರೋಗಿಗೆ ಸಾಮಾನ್ಯವಾಗಿ ಅದರ ಪರಿವೆ ಇರುವುದಿಲ್ಲ. ಒಂದು ಮಗ್ಗುಲಿಗೆ ಮಲಗಿಸಿದರೆ ಶಬ್ದ ತಗ್ಗುತ್ತದೆ.

ಉದ್ರಿ ಪುಸ್ತಕ ಯಾರ ತಲೆಯಲ್ಲಿದೆ?

ನೋವು ತಗ್ಗಿಸುವುದಕ್ಕೆ ಇನ್ನೊಂದು ಕಾರಣವಿದೆ. ಅಂಗಡಿ ಬೀದಿಯವರು ಇದನ್ನು ಚೆನ್ನಾಗಿ ಅರ್ಥ ಮಾಡಿಕೊಂಡಾರು. ಮೂವತ್ತು ವರ್ಷ ದಿನಸಿ ಅಂಗಡಿ ನಡೆಸಿದವರ ವ್ಯಾಪಾರ ಅರ್ಧ ಪುಸ್ತಕದಲ್ಲಿ, ಅರ್ಧ ತಲೆಯಲ್ಲಿ. ಯಾರಿಗೆ ಎಷ್ಟು ಉದ್ರಿ, ಚೀಟಿ ಎಷ್ಟು ಕಟ್ಟಿದ್ದು, ಮಳಿಗೆಯ ಅಡ್ವಾನ್ಸು ಎಷ್ಟು, ಕೈಗಡ ಯಾರ ಹತ್ತಿರ? ನೋವಿನಲ್ಲಿ ಹಲ್ಲು ಕಚ್ಚಿಕೊಂಡವರು ಇದನ್ನೆಲ್ಲ ಹೇಳಲಾರರು. ನೋವು ಹೋದ ಎರಡು ವಾರದಲ್ಲಿ ಎಲ್ಲವನ್ನೂ ಹೇಳಬಲ್ಲರು. ಮಗಳಿಗೆ ಹೇಳಬೇಕಾದ ಮಾತನ್ನೂ ಹೇಳಬಲ್ಲರು.

ಆದರೆ ನಮ್ಮಲ್ಲಿ ನಡೆಯುವುದು ನಾಟಕ. ‘ಅಪ್ಪಂಗೆ ಹೇಳ್ಬೇಡಿ, ಎದೆ ಒಡ್ಕೊತಾರೆ’ ಅಂತ ಮಗ. ‘ಮಕ್ಕಳಿಗೆ ಗೊತ್ತಾಗೋದು ಬೇಡ’ ಅಂತ ಅಪ್ಪ. ಇಬ್ಬರಿಗೂ ಗೊತ್ತು, ಇಬ್ಬರೂ ‘ಯುಗಾದಿ ಹೊತ್ತಿಗೆ ಸರಿಹೋಗುತ್ತೆ’ ಅಂತ ನಗುತ್ತಾರೆ. ಪೂರ್ತಿ ರೋಗದ ಹೆಸರು ಹೇಳಲೇಬೇಕೆಂದಿಲ್ಲ. “ನಿಮಗೆ ಏನನ್ನಿಸ್ತಿದೆ ಅಣ್ಣಾ? ಏನಾದ್ರೂ ಹೇಳೋದಿದೆಯಾ?” ಅಂತ ಒಂದು ಬಾಗಿಲು ತೆಗೆದರೆ ಸಾಕು. ಅವರೇ ಒಳಕ್ಕೆ ಬರುತ್ತಾರೆ.

ವಿಲ್ ಮಾಡುವುದಿದ್ದರೆ ಬಿಳಿ ಹಾಳೆ ಸಾಕು, ಛಾಪಾ ಕಾಗದ ಬೇಕಿಲ್ಲ. ಅವರ ಸಹಿ, ಇಬ್ಬರು ಸಾಕ್ಷಿ. ಆಸ್ತಿ ಬರುವವರನ್ನೇ ಸಾಕ್ಷಿ ಮಾಡಬಾರದು. ರಿಜಿಸ್ಟ್ರಿ ಕಡ್ಡಾಯವಲ್ಲ, ಮಾಡಿಸಿದರೆ ಒಳ್ಳೆಯದು. ವಿಲ್ ಇಲ್ಲದೆ ಹಿಂದೂ ಗಂಡಸು ತೀರಿಕೊಂಡರೆ, ಅವನ ಸ್ವಂತ ಆಸ್ತಿಯಲ್ಲಿ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು, ಜೊತೆಗೆ ಅವನ ತಾಯಿ ಇದ್ದರೆ ಅವರಿಗೂ ಸಮಪಾಲು. ತಾಯಿಯನ್ನು ಮರೆಯುವುದು, ಮದುವೆಯಾದ ಮಗಳನ್ನು ‘ಸಹಿ ಹಾಕಮ್ಮ ಸಾಕು’ ಅನ್ನುವುದು, ಇವೆರಡೂ ಆಮೇಲೆ ಕೋರ್ಟಿನ ಮೆಟ್ಟಿಲಾಗುತ್ತವೆ.

ವೆಂಟಿಲೇಟರ್ ಬೇಡ, ಐ.ಸಿ.ಯು. ಬೇಡ ಅನ್ನುವ ಇಚ್ಛೆಯನ್ನೂ ಮೊದಲೇ ಬರೆದಿಡಬಹುದು. 2018ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಒಪ್ಪಿತು, 2023ರಲ್ಲಿ ವಿಧಾನ ಸರಳ ಮಾಡಿತು. ಇಬ್ಬರು ಸಾಕ್ಷಿಗಳ ಎದುರು ಬರೆದು ನೋಟರಿಯೋ ಗೆಜೆಟೆಡ್ ಅಧಿಕಾರಿಯೋ ದೃಢೀಕರಿಸಿದರೆ ಆಯಿತು. ಕರ್ನಾಟಕದ ಆರೋಗ್ಯ ಇಲಾಖೆ 2025ರ ಜನವರಿ 30ರಂದು ಇದನ್ನು ಜಾರಿಗೆ ತರಲು ಆದೇಶ ಹೊರಡಿಸಿತು. ಸಂಬಂಧಪಟ್ಟ ಡಾಕ್ಟರುಗಳ ಎರಡು ಮಂಡಳಿಗಳು ಒಪ್ಪಿದರೆ ಮಾತ್ರ ಯಂತ್ರ ತೆಗೆಯುವುದು. ಇದು ಸೂಜಿ ಚುಚ್ಚಿ ಕೊಲ್ಲುವುದಲ್ಲ, ಹಾಸ್ಪೈಸಿನಲ್ಲೂ ಅಂಥದ್ದು ನಡೆಯುವುದಿಲ್ಲ. ಗೊಂದಲ ಬೇಡ.

ತಿಥಿ ಕಾರ್ಡು ಬಂತು, ಮರಣ ಪತ್ರ?

ಮನೆಯಲ್ಲೇ ತೀರಿಕೊಂಡರೆ ಪೊಲೀಸ್ ಕೇಸಾಗುತ್ತದೆ ಅಂತ ಹೆದರಿ, ಜೀವ ಹೋಗುವ ಹೊತ್ತಿನಲ್ಲಿ ಆಸ್ಪತ್ರೆಗೆ ಹೊತ್ತೊಯ್ಯುವವರಿದ್ದಾರೆ. ಗೊತ್ತಿರುವ ಕಾಯಿಲೆಯಿಂದ ಮನೆಯಲ್ಲಿ ಆದ ಸಹಜ ಸಾವಿಗೆ ಪೊಲೀಸರ ಕೆಲಸವಿಲ್ಲ. ಚಿಕಿತ್ಸೆ ಕೊಟ್ಟ ಡಾಕ್ಟರಿಂದ ಸಾವಿನ ಕಾರಣದ ಪತ್ರ ಬರೆಸಿಕೊಂಡು, ಡಿಸ್ಚಾರ್ಜ್ ಚೀಟಿ ಜೋಪಾನವಾಗಿಟ್ಟರೆ ಸಾಕು.

ತಿಥಿ ಕಾರ್ಡು ಪ್ರೆಸ್ಸಿನಲ್ಲಿ ಎರಡೇ ದಿನಕ್ಕೆ ಅಚ್ಚಾಗಿ ಬರುತ್ತದೆ, ಸರ್ಕಲ್ಲಿನಲ್ಲಿ ಫ್ಲೆಕ್ಸು ನಿಲ್ಲುತ್ತದೆ. ಸಾವಿನ ನೋಂದಣಿ ಮಾತ್ರ ಯಾರಿಗೂ ನೆನಪಾಗುವುದಿಲ್ಲ. 21 ದಿನದೊಳಗೆ ತಿಳಿಸಿದರೆ ಶುಲ್ಕವಿಲ್ಲ. ಆಸ್ಪತ್ರೆಯ ಸಾವಾದರೆ ಆಸ್ಪತ್ರೆಯವರೇ ತಿಳಿಸಬೇಕು, ಮನೆಯ ಸಾವಾದರೆ ಮನೆಯ ಯಜಮಾನರು. ಪಟ್ಟಣದಲ್ಲಿ ನಗರಸಭೆ ಅಥವಾ ಪುರಸಭೆಯಲ್ಲಿ, ಹಳ್ಳಿಯಲ್ಲಿ ಗ್ರಾಮ ಪಂಚಾಯಿತಿಯಲ್ಲಿ ವಿಚಾರಿಸಬೇಕು. 30 ದಿನ ದಾಟಿದರೆ ಮೇಲಧಿಕಾರಿಯ ಅನುಮತಿ, ವರ್ಷ ದಾಟಿದರೆ ಮ್ಯಾಜಿಸ್ಟ್ರೇಟರ ಆದೇಶ, ಅಲ್ಲಿಂದ ಅಲೆದಾಟ. ಹೆಸರು ಆಧಾರ್ ಕಾರ್ಡಿನಲ್ಲಿ ಇರುವಂತೆಯೇ ಬರೆಸಿ. ‘ರಂಗೇಗೌಡ’ ಒಂದು ಕಡೆ, ‘ರಂಗಯ್ಯ’ ಇನ್ನೊಂದು ಕಡೆ ಆದರೆ ಮುಂದೆ ಪ್ರತಿ ಕೌಂಟರಿನಲ್ಲೂ ಇಬ್ಬರು ಸತ್ತ ಲೆಕ್ಕ. ಪ್ರತಿಗಳನ್ನು ಐದಾರು ಒಟ್ಟಿಗೇ ತೆಗೆದುಕೊಳ್ಳಿ.

ಅಪ್ಪನ ಎ.ಟಿ.ಎಂ. ಕಾರ್ಡಿನಿಂದ ಸತ್ತ ಮೇಲೂ ದುಡ್ಡು ತೆಗೆಯುವ ಅಭ್ಯಾಸ ಬಹಳ ಮನೆಗಳಲ್ಲಿದೆ. ಬೇಡ. ಅಣ್ಣತಮ್ಮಂದಿರ ಜಗಳಕ್ಕೆ ಅದೇ ಮೊದಲ ಕಾಗದ. ನಾಮಿನಿ ಇದ್ದರೆ ದಾಖಲೆ ಕೊಟ್ಟ 15 ದಿನದೊಳಗೆ ಬ್ಯಾಂಕು ಇತ್ಯರ್ಥ ಮಾಡಬೇಕು. ಆದರೆ ನಾಮಿನಿ ಅಂದರೆ ಹಣ ಪಡೆದುಕೊಳ್ಳುವವ, ವಾರಸುದಾರರೆಲ್ಲರ ಪರವಾಗಿ. ಒಡೆಯನಲ್ಲ. 2025ರ ನವೆಂಬರ್ 1ರಿಂದ ಖಾತೆಗೆ ನಾಲ್ವರವರೆಗೆ ನಾಮಿನಿ ಹಾಕಬಹುದು.

ಹಾಗೇ ಪಾಸ್‌ಬುಕ್ಕಿನ ಮೇ ತಿಂಗಳ ಸಾಲುಗಳನ್ನು ನೋಡಿ. 436 ರೂಪಾಯಿ ಕಳೆದಿದ್ದರೆ ಅದು ಪ್ರಧಾನಮಂತ್ರಿ ಜೀವನ ಜ್ಯೋತಿ ವಿಮೆ. ವಯಸ್ಸು 55 ದಾಟದೆ, ವಿಮೆ ಚಾಲ್ತಿಯಲ್ಲಿದ್ದಾಗ ತೀರಿಕೊಂಡಿದ್ದರೆ, ಕಾರಣ ಯಾವುದೇ ಇರಲಿ, 2 ಲಕ್ಷ ಬರುತ್ತದೆ. 20 ರೂಪಾಯಿ ಕಳೆದಿದ್ದರೆ ಅದು ಅಪಘಾತದ ವಿಮೆ. ಯಾವಾಗಲೋ ಬ್ಯಾಂಕಿನವರು ಹೇಳಿದರೆಂದು ಸಹಿ ಹಾಕಿ ಮನೆಯಲ್ಲಿ ಹೇಳದೆ ಬಿಟ್ಟವರು ಎಷ್ಟೋ ಮಂದಿ.

ಬಡತನ ರೇಖೆಯ ಕೆಳಗಿನ ಮನೆಯಲ್ಲಿ 18ರಿಂದ 59 ವಯಸ್ಸಿನೊಳಗಿನ ದುಡಿಯುವವರು ಹೋದರೆ, ರಾಷ್ಟ್ರೀಯ ಕುಟುಂಬ ನೆರವು ಯೋಜನೆಯಲ್ಲಿ ಒಂದು ಸಲ 20,000 ರೂಪಾಯಿ ಸಿಗುತ್ತದೆ. ವಿಧವಾ ವೇತನಕ್ಕೂ ಇದಕ್ಕೂ ನಾಡಕಚೇರಿಯಲ್ಲಿ ಕೇಳಬೇಕು. ಜಮೀನಿದ್ದವರಿಗೆ ಪೌತಿ ಖಾತೆ, ಅದಕ್ಕೆ ವಂಶವೃಕ್ಷ. ಅಜ್ಜನ ಹೆಸರಿನಲ್ಲೇ ಪಹಣಿ ಬರುತ್ತಿರುವ ಮನೆಗಳು ಈ ಜಿಲ್ಲೆಯಲ್ಲಿ ಲೆಕ್ಕವಿಲ್ಲದಷ್ಟು, ಅದರ ಕತೆ ಇನ್ನೊಂದು ದಿನಕ್ಕಿರಲಿ. ಅಂಗಡಿಯ ಜಿ.ಎಸ್.ಟಿ. ನೋಂದಣಿ ತೀರಿಕೊಂಡವರ ಹೆಸರಿನಲ್ಲಿ ಓಡುವುದಿಲ್ಲ. ವಾರಸುದಾರರು ತಮ್ಮ ಹೆಸರಿಗೆ ಹೊಸದು ಮಾಡಿಸಿ, ಹಳೆಯದನ್ನು ರದ್ದು ಮಾಡಿಸಬೇಕು.

ನೆಂಟರು ಹೋದ ಮೇಲೆ

ಹದಿಮೂರನೇ ದಿನ ಶಾಮಿಯಾನ ಬಿಚ್ಚುತ್ತಾರೆ, ಬಾಡಿಗೆ ಪಾತ್ರೆ ಹೋಗುತ್ತದೆ. ನಿಜವಾದ ದುಃಖ ಶುರುವಾಗುವುದು ಆಗ. ವರ್ಷಗಟ್ಟಲೆ ರೋಗಿಯನ್ನು ನೋಡಿಕೊಂಡ ಹೆಂಡತಿಗೆ ರಾತ್ರಿ ಎರಡು ಗಂಟೆಗೆ ತಾನಾಗಿ ಎಚ್ಚರವಾಗುತ್ತದೆ, ಮಾತ್ರೆ ಕೊಡುವ ಹೊತ್ತು. ಕೊಡಲು ಯಾರೂ ಇರುವುದಿಲ್ಲ. ‘ಸದ್ಯ ಮುಗೀತಲ್ಲ’ ಅಂತ ಒಂದು ಕ್ಷಣ ಅನಿಸಿ, ಹಾಗೆ ಅನಿಸಿದ್ದಕ್ಕೇ ಕೊರಗುತ್ತಾರೆ. ಅದು ಪಾಪವೂ ಅಲ್ಲ, ಹುಚ್ಚೂ ಅಲ್ಲ, ಬಹಳ ಮಂದಿಗೆ ಆಗುವಂಥದ್ದು. ಮಕ್ಕಳಿಗೆ ‘ತಾತ ಊರಿಗೆ ಹೋಗಿದ್ದಾರೆ’ ಅಂದರೆ ಅವು ಬಸ್‌ಸ್ಟ್ಯಾಂಡಿನ ಕಡೆ ನೋಡುತ್ತಾ ಕೂರುತ್ತವೆ. ತೀರಿಕೊಂಡರು ಅಂತಲೇ ಹೇಳಬೇಕು, ಕೇಳಿದಷ್ಟು ಸಲ ಹೇಳಬೇಕು.

ತಿಂಗಳುಗಳು ಕಳೆದರೂ ಊಟ ಸೇರದಿದ್ದರೆ, ನಿದ್ದೆ ಬಾರದಿದ್ದರೆ, ‘ನಾನ್ಯಾಕೆ ಇರಬೇಕು’ ಅನ್ನೋ ಮಾತು ಬಂದರೆ ತಡ ಮಾಡಬಾರದು. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416, ಹಗಲು ರಾತ್ರಿ ಉಚಿತ. 2022ರ ಅಕ್ಟೋಬರಿನಲ್ಲಿ ಶುರುವಾದದ್ದು, ಕನ್ನಡದಲ್ಲೇ ಮಾತಾಡಬಹುದು. ‘ಹುಚ್ಚಾಸ್ಪತ್ರೆ ನಂಬರು’ ಅಂತ ಮೂಗು ಮುರಿಯುವವರು ಮುರಿಯಲಿ.

ಕೊನೆಗೆ ಒಂದು ಸಣ್ಣ ಕೆಲಸ ಉಳಿದಿರುತ್ತದೆ. ಮಿಕ್ಕ ಮಾರ್ಫೀನ್ ಮಾತ್ರೆಗಳು ಸಾಸಿವೆ ಡಬ್ಬಿಯ ಪಕ್ಕದಲ್ಲೋ ದೇವರ ಗೂಡಿನಲ್ಲೋ ಉಳಿಯಬಾರದು, ಮಕ್ಕಳಿರುವ ಮನೆ. ಕೊಟ್ಟ ಆಸ್ಪತ್ರೆಗೇ ಒಯ್ದು ಒಪ್ಪಿಸಬೇಕು. ಅಲ್ಲಿನ ನರ್ಸಮ್ಮ ‘ಅಮ್ಮ ಹೇಗಿದ್ದಾರೆ?’ ಅಂತ ಕೇಳಿದರೆ, ಬಸ್ಸಿಗೆ ಹೊತ್ತಾಯಿತು ಅನ್ನದೆ ಐದು ನಿಮಿಷ ಕೂತು ಹೇಳಿ ಬನ್ನಿ.